ದೇವರನ್ನು ಬೈದ ಮಾಳವ್ವ

ನಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲು ಕಾಣದ ಕಾಲದಲ್ಲಿ ಒಂದು ಊರಿತ್ತಂತೆ. ಊರು ಅಂದರೆ ದೊಡ್ಡ ಊರೇನಲ್ಲ, ಒಂದು ಕುರುಬರ ಹಟ್ಟಿ. ಸುತ್ತ ಜಾಲಿಮುಳ್ಳಿನ ಬೇಲಿ, ನಡುವೆ ಕುರಿರೊಪ್ಪ, ರೊಪ್ಪದ ಸುತ್ತ ಹುಲ್ಲಿನ ಗುಡಿಸಲು. ಹಟ್ಟಿಯ ಹಿಂದೆ ಒಂದು ಕರೀ ಬಂಡೆ, ಬಂಡೆಯ ಬುಡದಲ್ಲಿ ಮೊಣಕಾಲೆತ್ತರದ ಒಂದು ಗುಂಡುಕಲ್ಲು. ಅದೇ ಅವರ ದೇವರು. ಗುಂಡಿನ ಬೀರಪ್ಪ ಅಂತ ಹೆಸರು. ಗುಡಿಯಿಲ್ಲ, ಗೋಪುರವಿಲ್ಲ, ಬಾಗಿಲೂ ಇಲ್ಲ. ಬಾಗಿಲಿಲ್ಲದ ದೇವರು ಯಾವಾಗ ಹೋದರೂ ಮನೆಯಲ್ಲೇ ಇರ್ತಾನೆ ಅಂತ ಹಟ್ಟಿಯವರು ಹೇಳಿಕೊಳ್ಳುತ್ತಿದ್ದರಂತೆ.

ಆ ಹಟ್ಟಿಯಲ್ಲಿ ಮಾಳವ್ವ ಅಂತ ಒಬ್ಬಳಿದ್ದಳು. ಕಂಬಳಿ ನೇಯುವವಳು. ಹೀಗಂದ ಕೂಡಲೇ ತಿಳಿದವರು ಹುಬ್ಬೇರಿಸುತ್ತಾರೆ. ಹೆಂಗಸರು ಉಣ್ಣೆ ಹಿಂಜಬೇಕು, ನೂಲಬೇಕು. ಮಗ್ಗದ ಕುಣಿಗೆ, ಅಂದರೆ ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿಗೆ, ಇಳಿಯುವವರು ಗಂಡಸರು. ಅದು ಆ ಜನರ ಕಟ್ಟು. ಆದರೆ ಮಾಳವ್ವನ ಗಂಡ ರೇವಪ್ಪ ಕುರಿ ಮೇಯಿಸುವಾಗ ಹುಳ ಮುಟ್ಟಿ ಸತ್ತ. ಹಾವು ಅನ್ನಬಾರದು ನೋಡಿ, ಹುಳ ಅನ್ನಬೇಕು. ಮನೆಯಲ್ಲಿ ಮಗ ಮೈಲಾರಿ, ಇನ್ನೂ ಹಾಲುಹಲ್ಲು ಬೀಳದ ಹುಡುಗ. ಮಗ್ಗ ಸುಮ್ಮನೆ ಬಿದ್ದಿತ್ತು. ಹೊಟ್ಟೆ ಕಟ್ಟು ಕೇಳುತ್ತದೆಯೇ? ಮಾಳವ್ವ ಸೀರೆ ಎತ್ತಿ ಕಟ್ಟಿ ಕುಣಿಗೆ ಇಳಿದೇಬಿಟ್ಟಳು. ಅಂದವರು ಅಂದರು, ಆಡಿದವರು ಆಡಿದರು. ಚಳಿಗಾಲ ಬಂದಾಗ ಅವರೇ ಬಂದು ಅವಳ ಕಂಬಳಿ ಕೊಂಡರು. ಹುಣಸೆಬೀಜದ ಗಂಜಿಯನ್ನು ಅವಳಂತೆ ಹದವಾಗಿ ಕಾಯಿಸಿ ನೂಲಿಗೆ ಹಾಕುವವರು ಇನ್ನೊಬ್ಬರಿರಲಿಲ್ಲವಂತೆ. ಅವಳ ಕಂಬಳಿ ಹೊದ್ದವನ ಮೇಲೆ ಮಳೆ ಸುರಿದರೂ ಒಳಗಿನ ಅಂಗಿ ಒದ್ದೆಯಾಗುತ್ತಿರಲಿಲ್ಲವಂತೆ. ಚಳಿ ಅವನನ್ನು ಕಂಡರೆ ದಾರಿ ಬಿಟ್ಟು ಹೋಗುತ್ತಿತ್ತಂತೆ. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ.

ಹೀಗಿರುವಾಗ ಒಂದು ಸಲ ಮೈಲಾರಿಗೆ ಜ್ವರ ಬಂತು. ಇವತ್ತು ಬಿಟ್ಟೀತು, ನಾಳೆ ಬಿಟ್ಟೀತು ಅಂತ ನೋಡಿದರು. ಬಿಡಲಿಲ್ಲ. ಮಾಳವ್ವ ಗುಂಡಿನ ಬೀರಪ್ಪನ ಮುಂದೆ ಹೋಗಿ ಹರಕೆ ಹೊತ್ತಳು. ಗದ್ದುಗೆ ಕಂಬಳಿ ಕೊಡ್ತೀನಪ್ಪಾ, ಮಗನನ್ನು ಉಳಿಸಿಕೊಡು ಅಂದಳು. ಗದ್ದುಗೆ ಕಂಬಳಿ ಅಂದರೆ ದೇವರಿಗೆ ಆಸನವಾಗಿ ಹಾಸುವ ಕಂಬಳಿ. ಮರಿಗಳ ಮೊದಲ ಕತ್ತರಿಯ ಉಣ್ಣೆಯೇ ಆಗಬೇಕು, ಬಣ್ಣ ಸೋಕಬಾರದು, ಹಾಸು ಹೂಡಿದ ಮೇಲೆ, ಅಂದರೆ ಉದ್ದದ ನೂಲು ಮಗ್ಗಕ್ಕೆ ಏರಿಸಿದ ಮೇಲೆ, ನಡುವೆ ನಿಲ್ಲಿಸಬಾರದು. ಮನೆಗೆ ಬಂದವಳೇ ಹಾಸು ಹೂಡಿದಳು. ಒಂದು ಕಣ್ಣು ನೂಲಿನ ಮೇಲೆ, ಒಂದು ಕಣ್ಣು ಮಗನ ಮೇಲೆ. ಕಂಬಳಿ ಗೇಣುದ್ದ ಆಗಿತ್ತಷ್ಟೇ, ಹುಡುಗ ಹೋದ.

ಮಣ್ಣು ಮಾಡಿ ಬಂದ ಮೇಲೆ ಹಟ್ಟಿಯ ಹೆಂಗಸರು ಅಂದರು, ಇನ್ಯಾಕವ್ವಾ ಆ ಕಂಬಳಿ, ಹಾಸು ಕೊಯ್ದು ಹಾಕು, ಅವನು ನಿನ್ನ ಮಾತು ನಡೆಸಿಕೊಡಲಿಲ್ಲವಲ್ಲ ಅಂತ. ಮಾಳವ್ವ ಮಗ್ಗದ ಮೇಲೆ ಸಡಿಲಾಗಿದ್ದ ಎಳೆಯೊಂದನ್ನು ಬಿಗಿ ಮಾಡಿದಳು. ಆಮೇಲೆ ಅಂದಳಂತೆ, "ಮಾತು ಕೊಟ್ಟೋಳು ನಾನು. ನಾನು ನೇಯ್ತೀನಿ. ಅವನ್ಯಾಕೆ ಹಿಂಗೆ ಮಾಡ್ದ ಅನ್ನೋದನ್ನ ಅವನ್ನೇ ಕೇಳ್ತೀನಿ."

ಕೇಳಿದಳು ನೋಡಿ. ಹಟ್ಟಿಗೆ ಹಟ್ಟಿಯೇ ಕೇಳಿಸಿಕೊಳ್ಳುವ ಹಾಗೆ ಕೇಳಿದಳು. ಬೆಳಿಗ್ಗೆ ಕುಣಿಗೆ ಇಳಿದು ಲಾಳಿ ಹಿಡಿದರೆ ಬಾಯಿ ಶುರುವಾಗುತ್ತಿತ್ತು. "ಏನಪ್ಪಾ ಗುಂಡಿನ ಬೀರ, ಕಲ್ಲಾಗಿ ಕೂತಿದೀಯ, ಕೂತ್ಕೋ. ನನ್ನ ಮಗನ ಹಣೆ ಮುಟ್ಟಿ ನೋಡೋಕೆ ನಿಂಗೊಂದು ಕೈ ಇರ್ಲಿಲ್ವಾ? ನಿಂಗೆ ಹೆತ್ತ ಹೊಟ್ಟೆ ಇದ್ದಿದ್ರೆ ಗೊತ್ತಾಗ್ತಿತ್ತು. ಗಂಡನ್ನ ಕರ್ಕೊಂಡೆ, ನಾನು ಬಾಯಿ ಮುಚ್ಕೊಂಡೆ. ಕೂಸನ್ನೂ ಕರ್ಕೊಂಡ್ಯಲ್ಲ, ನಾಚಿಕೆ ಆಗ್ಲಿಲ್ವಾ ನಿಂಗೆ?" ಒಂದು ಮಾತಿಗೆ ಒಂದು ಹಲಗೆ ಏಟು. ಒಂದು ಏಟಿಗೆ ಒಂದು ಎಳೆ ಕೂರುತ್ತಿತ್ತು. ಅವಳ ಬೈಗುಳ ಮೂರು ಗುಡ್ಡದಾಚೆಗೆ ಕೇಳುತ್ತಿತ್ತು ಅಂತಾರೆ. ದಾರಿಹೋಕರು ಇದ್ಯಾರ ಮನೆಯ ಅತ್ತೆ ಸೊಸೆ ಜಗಳ ಅಂತ ನಿಂತು ಕೇಳುತ್ತಿದ್ದರು ಅಂತಾರೆ.

ಆದರೆ ಹಟ್ಟಿಯವರು ಪೂರಾ ಕೇಳಲಿಲ್ಲ, ಅಲ್ಲೇ ಎಡವಟ್ಟಾಗಿದ್ದು. ಸಂಜೆ ಲಾಳಿ ಇಟ್ಟು ಕುಣಿಯಿಂದ ಎದ್ದು ಬರುವಾಗ ಅವಳ ದನಿ ಇಳಿಯುತ್ತಿತ್ತು. ಆ ಹೊತ್ತಿಗೆ ಕುರಿಗಳು ರೊಪ್ಪಕ್ಕೆ ಬರುತ್ತವೆ, ಮರಿಗಳು ಅರಚುತ್ತವೆ, ಯಾರಿಗೆ ಏನು ಕೇಳೀತು? ಮಾಳವ್ವ ಬಂಡೆಯ ಕಡೆ ತಿರುಗಿ, "ಹೋಗ್ಲಿ, ಹೊತ್ತಾಯ್ತು. ಉಂಡ್ಯಾ? ಉಂಡು ಮಲಕ್ಕೋ. ಇನ್ನೂ ಬೈಯೋದೈತೆ, ನಾಳೆ ಬರ್ತೀನಿ," ಅನ್ನುತ್ತಿದ್ದಳಂತೆ. ಹಾಗಂದು ಮುದ್ದೆ ಮುರಿದು ಎರಡು ತುತ್ತು ತಿಂದು ಮಲಗುತ್ತಿದ್ದಳು. ಮಗ ಹೋದ ಮನೆಯಲ್ಲಿ ಅವಳು ತಿಂದಿದ್ದು, ಮಲಗಿದ್ದು, ಬೆಳಿಗ್ಗೆ ಎದ್ದಿದ್ದು ಎಲ್ಲಾ ಆ ಜಗಳದ ಬಲದಿಂದಲೇ. ಬೈಯೋದಕ್ಕೂ ಎದುರಿಗೆ ಒಬ್ಬರು ಬೇಕಲ್ಲ. ದಾರಿಯಲ್ಲಿ ಹೋಗುವವನನ್ನು ಯಾರು ಹೀಗೆ ಬೈತಾರೆ? ನನ್ನವನು ಅಂದುಕೊಂಡವನನ್ನೇ ಬೈಯೋದು. ಅವನು ಕೇಳಿಸಿಕೊಳ್ಳುತ್ತಾನೆ, ಬೈದೆ ಅಂತ ಬಿಟ್ಟು ಹೋಗೋದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಹೋಗಿದ್ದರೆ ಬಾಯಿ ಬಿಡುತ್ತಿದ್ದಳೇ?

ಆ ವರ್ಷವೇ ಕುರಿಗಳಿಗೆ ಬೇನೆ ಬಿತ್ತು. ರೊಪ್ಪದಲ್ಲಿ ಬೆಳಗಾದರೆ ಮರಿಗಳು ಕಾಲು ಚಾಚಿ ಬಿದ್ದಿರುತ್ತಿದ್ದವು. ಹಟ್ಟಿಯ ಯಜಮಾನ ಬೊಮ್ಮಲಿಂಗಪ್ಪ ಬೇವಿನಕಟ್ಟೆಗೆ ಎಲ್ಲರನ್ನೂ ಕರೆದ. ಕೆಟ್ಟವನಲ್ಲ ಅವನು, ಹೆದರಿದವನು. ಹೆದರಿದವನ ಕೈಯಲ್ಲಿ ನ್ಯಾಯ ಕೊಟ್ಟರೆ ಏನಾಗುತ್ತೋ ಅದೇ ಆಯಿತು. ಮಗ್ಗದ ಕುಣಿಗೆ ಹೆಂಗಸು ಇಳಿದಿದ್ದು ಒಂದು, ದೇವರನ್ನು ಬಾಯಿಗೆ ಬಂದ ಹಾಗೆ ಬೈದಿದ್ದು ಇನ್ನೊಂದು, ಅದಕ್ಕೇ ಬೀರಪ್ಪ ಮುನಿದಿದ್ದಾನೆ ಅಂತ ಹೇಳಿದ. ಇನ್ನು ಮೇಲೆ ಮಾಳವ್ವ ಬಾಯಿ ಬಿಡಕೂಡದು, ಬಂಡೆಯ ಹತ್ತಿರ ಸುಳಿಯಕೂಡದು, ಮಗ್ಗದ ಸದ್ದು ಕೇಳಕೂಡದು. ತಪ್ಪಿದರೆ ಹಟ್ಟಿ ಬಿಡಬೇಕು ಅಂತ ಕಟ್ಟು ಹಾಕಿದ. ಮಾಳವ್ವನಿಗೆ ಮಾತ್ರವಲ್ಲ, ಹಟ್ಟಿಯಲ್ಲಿ ಯಾರ ಮನೆಯಲ್ಲಿ ಏನೇ ಆದರೂ ದೇವರ ಮೇಲೆ ಒಂದು ಮಾತು ಅನ್ನಕೂಡದು ಅಂತಲೂ ಸೇರಿಸಿದ.

"ಅವನೇ ಬಂದು ಹೇಳಿದ್ನಾ ಯಜಮಾನ್ರೇ?" ಅಂತ ಮಾಳವ್ವ ಕೇಳಿದಳು.

"ದೇವರಿಗೆ ಹೆದರ್ಬೇಕು ಕಣವ್ವಾ, ಜಗಳಕ್ಕೆ ನಿಲ್ಲಬಾರ್ದು," ಅಂದ ಬೊಮ್ಮಲಿಂಗಪ್ಪ.

ಮಾಳವ್ವ ಎದ್ದು ಮನೆಗೆ ಹೋದಳು. ಹಟ್ಟಿ ಬಿಟ್ಟರೆ ಹೋಗುವುದೆಲ್ಲಿಗೆ? ಗಂಡನ, ಮಗನ ಮಣ್ಣು ಇಲ್ಲೇ ಇದೆ. ಅರ್ಧ ನೇಯ್ದ ಗದ್ದುಗೆ ಕಂಬಳಿ ಮಗ್ಗದ ಮೇಲೇ ಉಳಿಯಿತು. ನೂಲಿಕೊಟ್ಟರೆ ಕೂಳು ಹುಟ್ಟುತ್ತಿತ್ತು, ನೂಲಿಕೊಂಡು ಇದ್ದಳು. ಬೇನೆ ಬಂದ ಹಾಗೇ ಹೋಯಿತು. ನಾನು ಕಟ್ಟು ಹಾಕಿದ್ದಕ್ಕೇ ಹೋಯಿತು ಅಂತ ಬೊಮ್ಮಲಿಂಗಪ್ಪ ಮೀಸೆ ತಿರುವಿದ. ಪಕ್ಕದ ಹಟ್ಟಿಯಲ್ಲಿ ಯಾರೂ ಯಾರನ್ನೂ ಬೈದಿರಲಿಲ್ಲ, ಅಲ್ಲಿಯೂ ಬೇನೆ ಬಂದಿತ್ತು, ಅಲ್ಲಿಂದಲೂ ಹೋಗಿತ್ತು. ಅದನ್ನು ಅವನಿಗೆ ಹೇಳುವವರು ಯಾರು?

ಮೊದಮೊದಲು ಮಾಳವ್ವ ಮನಸ್ಸಿನಲ್ಲೇ ಬೈಯುತ್ತಿದ್ದಳಂತೆ. ಆಮೇಲೆ ಅದೂ ನಿಂತಿತು. ಸಂಜೆ ಉಂಡ್ಯಾ ಅಂತ ಕೇಳುವುದೂ ನಿಂತಿತು. ಜಗಳವಾಡುವ ಗಂಡ ಹೆಂಡತಿ ಒಂದೇ ಮನೆಯಲ್ಲಿರುತ್ತಾರೆ, ಮಾತು ಬಿಟ್ಟವರ ಕಥೆ ಬೇರೆ. ಒಂದು ದಿನ ರಾಟೆ ಮುಂದೆ ಕೂತಿದ್ದಾಗ ಅವಳಿಗೆ ಥಟ್ಟನೆ ಅನಿಸಿತು, ನಾನು ಅವನ ಹತ್ತಿರ ಮಾತಾಡಿ ಎಷ್ಟು ಕಾಲವಾಯಿತು? ಅವನೂ ಒಂದು ಸಲ ಬಂದು ಯಾಕೆ ಸುಮ್ಮನಾದೆ ಅಂತ ಕೇಳಲಿಲ್ಲವಲ್ಲ? ಮಗ ಸತ್ತಾಗಲೂ ಅವಳಿಗೆ ಅಂಥ ಭಯ ಆಗಿರಲಿಲ್ಲ. ಆವತ್ತು ಬೀರಪ್ಪ ಎದುರಿಗಿದ್ದ, ಈಗ ಎದುರಿಗೆ ಯಾರೂ ಇಲ್ಲ. ಮುದ್ದೆ ಮುರಿಯುವುದನ್ನೇ ಬಿಟ್ಟಳು. ಅವಳು ಸೊರಗಿ ಕಡ್ಡಿಯಾದಳು.

ಕೇಳಿ, ಇನ್ನು ಮುಂದಿನದೇ ಕಥೆ.

ಯಜಮಾನ ಬೊಮ್ಮಲಿಂಗಪ್ಪನ ಸೊಸೆ ಗಿರಿಯವ್ವ ಅಂತ. ಅವಳಿಗೆ ಎರಡು ಹೆಣ್ಣುಮಕ್ಕಳು. ದೊಡ್ಡದು ಅಂಗಳದಲ್ಲಿ ಓಡಾಡುವ ಕೂಸು, ಚಿಕ್ಕದು ಇನ್ನೂ ಮೊಲೆ ಕುಡಿಯುವ ಹಸುಳೆ. ದೊಡ್ಡದಕ್ಕೆ ಜ್ವರ ಬಂತು, ಹೋಯಿತು. ಜ್ವರ ಹೋಗಲಿಲ್ಲ, ಕೂಸೇ ಹೋಯಿತು. ಗಿರಿಯವ್ವ ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ, ಮನೆಗೆ ಬಂದ ಮೇಲೂ ಅಳಲಿಲ್ಲ. ಗೋಡೆಗೆ ಒರಗಿ ಕೂತವಳು ಏಳಲಿಲ್ಲ, ಬಾಯಿ ಬಿಡಲಿಲ್ಲ, ಅನ್ನ ಮುಟ್ಟಲಿಲ್ಲ. ಹೆಂಗಸರು ಬಂದು ಸುತ್ತ ಕೂತರು. ಬೇರೆ ಕಾಲದಲ್ಲಾಗಿದ್ದರೆ ಎದೆ ಬಡಿದುಕೊಂಡು, ಅಯ್ಯೋ ದೇವರೇ ನಿನ್ನ ಕಣ್ಣು ಹಿಂಗಿತಾ ಅಂತ ಅತ್ತು ಅವಳನ್ನೂ ಅಳಿಸುತ್ತಿದ್ದರು. ಈಗ ಯಜಮಾನನ ಕಟ್ಟು ಇದೆ, ಅದೂ ಯಜಮಾನನದೇ ಮನೆ. ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು, ಅವನಿಚ್ಛೆ ಕಣವ್ವಾ, ಏನೂ ಅನ್ನಬಾರದು, ಸಮಾಧಾನ ಮಾಡಿಕೋ ಅಂದರು. ಸಮಾಧಾನ ಮಾಡಿಕೊಂಡು ಮಾಡಿಕೊಂಡು ಗಿರಿಯವ್ವ ಅವರ ಕಣ್ಣ ಮುಂದೆಯೇ ಸಾಯುತ್ತಿದ್ದಳು.

ಎದೆಹಾಲು ಬತ್ತಿತು. ಹಸುಳೆಗೆ ಮೇಕೆ ಹಾಲು ಹಿಂಡಿ ಕುಡಿಸಿದರು, ಅದು ಕಕ್ಕಿತು. ಬಟ್ಟೆ ಅದ್ದಿ ಬಾಯಿಗೆ ಹಿಡಿದರು, ಉಗಿಯಿತು. ದೂರದ ವೈದ್ಯ ಬಂದ, ಬೇರು ಅರೆದು ಕೊಟ್ಟ. ಪೂಜಾರಪ್ಪ ಬಂದ, ಭಂಡಾರದ ಅರಿಶಿನ ಹಚ್ಚಿದ, ದಾರ ಕಟ್ಟಿದ. ಮೆಣಸಿನಕಾಯಿ ಹೊಗೆ ಹಾಕಿದರು. ಸುತ್ತ ಇದ್ದವರೆಲ್ಲ ಕೆಮ್ಮಿ ಕಣ್ಣೀರು ಸುರಿಸಿದರು, ಗಿರಿಯವ್ವನ ಕಣ್ಣು ಒಣಗಿಯೇ ಇತ್ತು. ಅಳದ ತಾಯಿ ಉಳಿಯೋದಿಲ್ಲ ಅಂತ ಹಳೇ ಮಾತು. ತಾಯಿ ಹೋದರೆ ಹಸುಳೆ ಉಳಿಯುತ್ತದೆಯೇ? ಹಟ್ಟಿಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಕೊನೆಗೆ ಯಜಮಾನನ ಹೆಂಡತಿ, ಗಂಡನನ್ನು ಕೇಳದೆ, ಹಸುಳೆಯನ್ನು ಕಂಕುಳಲ್ಲಿ ಎತ್ತಿಕೊಂಡು, ನಡುಹಗಲಲ್ಲೇ ಮಾಳವ್ವನ ಗುಡಿಸಲಿಗೆ ಬಂದಳು.

"ಮಾಳಕ್ಕಾ, ನಿಂಗೂ ಹಿಂಗೇ ಆಗಿತ್ತು. ನೀನು ಬದುಕಿದೆ. ಹೆಂಗೆ ಬದುಕಿದೆ ಅಂತ ನನ್ನ ಸೊಸೆಗೆ ಹೇಳ್ಕೊಡು."

ಮಾಳವ್ವ ಅವಳ ಮುಖ ನೋಡಲಿಲ್ಲ. "ಬದುಕ್ತಿದ್ದೆ. ಬದುಕೋ ಬಾಯಿಗೆ ನಿಮ್ಮನೆಯೋರೇ ಬೀಗ ಹಾಕಿದ್ರಲ್ಲ ತಾಯಿ. ಈಗ ನನ್ನಲ್ಲೂ ಏನಿಲ್ಲ," ಅಂದಳು.

ಯಜಮಾನನ ಹೆಂಡತಿ ವಾದ ಮಾಡಲಿಲ್ಲ. ಹಸುಳೆಯನ್ನು ಮಾಳವ್ವನ ಮಡಿಲಿಗೆ ಹಾಕಿದಳು. ಅದು ಎಷ್ಟು ಹಗುರಾಗಿತ್ತು ಅಂದರೆ, ಹಿಂಜಿದ ಉಣ್ಣೆಯ ಹಿಡಿ ಇಟ್ಟ ಹಾಗಿತ್ತಂತೆ. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಬಾಯಿ ಮಾತ್ರ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮಾಳವ್ವ ಎದ್ದಳು.

ಯಜಮಾನನ ಮನೆಗೆ ಹೋಗಿ ಗಿರಿಯವ್ವನ ಮುಂದೆ ಕೂತಳು. ಸಮಾಧಾನ ಮಾಡಿಕೋ ಅನ್ನಲಿಲ್ಲ. ಅವನಿಚ್ಛೆ ಅನ್ನಲಿಲ್ಲ. ಬಾ ಮಗಳೇ, ಅವನ ಹತ್ತಿರ ಹೋಗೋಣ ಅಂತಷ್ಟೇ ಅಂದು ರಟ್ಟೆ ಹಿಡಿದು ಎಬ್ಬಿಸಿದಳು. ಬೀದಿಯಲ್ಲಿ ನಡೆಸಿಕೊಂಡು ಹೊರಟಳು. ಹಿಂದೆ ಹಸುಳೆ ಎತ್ತಿಕೊಂಡು ಅತ್ತೆ, ಅವಳ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಹಟ್ಟಿ. ಬಂಡೆಯ ದಾರಿಗೆ ಅಡ್ಡಲಾಗಿ ಬೊಮ್ಮಲಿಂಗಪ್ಪ ಕೋಲೂರಿ ನಿಂತಿದ್ದ.

ಮಾಳವ್ವ ನಿಂತಳು. "ಯಜಮಾನ್ರೇ, ನಿಮ್ಮ ಸೊಸೆ ದುಃಖ ಕೇಳಿಸ್ಕೊಳ್ಳೋ ಅಷ್ಟು ಗಟ್ಟಿ ಎದೆ ಬೀರಪ್ಪನಿಗೆ ಇಲ್ಲ ಅಂತ ನೀವು ಹೇಳಿ, ನಾನು ಹಿಂದಕ್ಕೆ ಹೋಗ್ತೀನಿ," ಅಂದಳು.

ಬೊಮ್ಮಲಿಂಗಪ್ಪ ಅವಳನ್ನು ನೋಡಿದ, ಸೊಸೆಯನ್ನು ನೋಡಿದ, ಹೆಂಡತಿಯ ಕಂಕುಳಲ್ಲಿದ್ದ ಮೊಮ್ಮಗಳನ್ನು ನೋಡಿದ. ಕೋಲು ತೆಗೆದು ಪಕ್ಕಕ್ಕೆ ಸರಿದ.

ಗುಂಡುಕಲ್ಲಿನ ಮುಂದೆ ಇಬ್ಬರೂ ಕೂತರು. ಮೊದಲು ನಾನು ಬೈದು ತೋರಿಸಬೇಕು, ಆಮೇಲೆ ಇವಳು ಕಲೀತಾಳೆ ಅಂತ ಮಾಳವ್ವನ ಲೆಕ್ಕ. ಬಾಯಿ ತೆರೆದಳು. ಮಾತು ಬರಲಿಲ್ಲ! ಮೂರು ಗುಡ್ಡದಾಚೆಗೆ ಕೇಳುತ್ತಿದ್ದ ಬಾಯಿ ಅದು. ಬೈಗುಳ ಒಂದೂ ನೆನಪಾಗಲಿಲ್ಲ. ಎದುರಿಗೆ ಕಲ್ಲಿತ್ತು, ಬರೀ ಕಲ್ಲು. ಇವಳನ್ನು ನಂಬಿಸಿ ಕರೆತಂದೆನಲ್ಲ, ಇಲ್ಲಿ ಯಾರೂ ಇಲ್ಲದಿದ್ದರೆ? ಸುತ್ತ ಜನ ನೋಡುತ್ತಿದ್ದಾರೆ. ಹಸುಳೆ ಏದುಸಿರು ಬಿಡುತ್ತಿದೆ. ಮಾಳವ್ವ ಮುಂದಕ್ಕೆ ಬಾಗಿ, ಕಲ್ಲಿಗೆ ಅಂಗೈ ಇಟ್ಟು, ಹೊಸ್ತಿಲಲ್ಲಿ ನಿಂತು ನೆರೆಮನೆಯವರನ್ನು ಕರೆಯುವ ಹಾಗೆ ಮೆಲ್ಲಗೆ ಕೇಳಿದಳು.

"ಇದೀಯೇನಪ್ಪಾ?"

ಅಷ್ಟೇ. ಕಲ್ಲು ಏನೂ ಅನ್ನಲಿಲ್ಲ. ಆದರೆ ಅವಳ ಪಕ್ಕದಲ್ಲಿ ಗಿರಿಯವ್ವ ತಲೆಯೆತ್ತಿದಳು. ಮಣ್ಣು ಮಾಡಿದ ದಿನದಿಂದ ಬಾಯಿ ಬಿಡದವಳು ಕಲ್ಲಿನ ಕಡೆ ನೋಡಿ ಮಾತಾಡಿದಳು.

"ನನ್ನ ಕೂಸು ನೀರು ಕೇಳ್ತು."

ಜ್ವರದವರಿಗೆ ನೀರು ಕೊಟ್ಟರೆ ಸನ್ನಿ ಹಿಡಿಯುತ್ತದೆ ಅಂತ ಆಗಿನವರ ನಂಬಿಕೆ. ಕೊಡಬೇಡ ಅಂದವರೆಲ್ಲ ಅಲ್ಲೇ ನಿಂತಿದ್ದರು.

"ಅವ್ವಾ ನೀರು, ಅವ್ವಾ ನೀರು ಅಂತು. ಕೊಡಬ್ಯಾಡ ಅಂದ್ರು. ನಾನು ಕೊಡ್ಲಿಲ್ಲ. ನಾನು ಹೆಡ್ಡಿ, ನಂಗೆ ತಿಳೀಲಿಲ್ಲ. ನಿಂಗೆ ತಿಳೀತಿತ್ತಲ್ಲ. ನೀನಾದ್ರೂ ಒಂದು ಗುಟುಕು ಕೊಡಬೇಕಿತ್ತಲ್ಲ. ನೀನಾದ್ರೂ ಕೊಡಬೇಕಿತ್ತಲ್ಲೋ, ಕಲ್ಲೇ!"

ಎರಡೂ ಕೈಯಲ್ಲಿ ಮಣ್ಣು ಬಾಚಿ ಕಲ್ಲಿನ ಮೇಲೆ ಎರಚಿದಳು. ಇನ್ನೊಂದು ಹಿಡಿ ಎರಚಿದಳು. ಬಾಯಿಗೆ ಬಂದಿದ್ದೆಲ್ಲ ಬೈದಳು. ತವರಲ್ಲಿ ಕೇಳಿದ್ದು, ಕುರಿ ಕಾಯುವವರ ಬಾಯಲ್ಲಿ ಕೇಳಿದ್ದು, ಯಾರಿಗೂ ಗೊತ್ತಿಲ್ಲದ್ದು ಎಲ್ಲಾ ಬೈದಳು. ಬೈಯುತ್ತಾ ಬೈಯುತ್ತಾ ದನಿ ಒಡೆಯಿತು, ಅಳು ಬಂತು. ಬಂದ ಅಳು ನಿಲ್ಲಲಿಲ್ಲ. ಕಲ್ಲನ್ನೇ ತಬ್ಬಿಕೊಂಡು, ಅದರ ಮೇಲೆ ತಲೆಯಿಟ್ಟು ಅತ್ತಳು. ಹಟ್ಟಿಯ ಹೆಂಗಸರೆಲ್ಲ ಅತ್ತರು. ತಮ್ಮ ತಮ್ಮ ಹಳೆಯ ಸಾವುಗಳನ್ನೆಲ್ಲ ನೆನೆದು ಅತ್ತರು. ಆ ಗದ್ದಲಕ್ಕೆ ಹಸುಳೆ ಬೆಚ್ಚಿ ಕಿರುಚಿತು. ಆ ಕಿರುಚು ಕೇಳಿದ್ದೇ ತಡ, ಗಿರಿಯವ್ವನ ರವಿಕೆ ಒದ್ದೆಯಾಯಿತು. ಹೆತ್ತವರಿಗೆ ಅದು ಗೊತ್ತು, ಹೇಳಿಕೊಡಬೇಕಿಲ್ಲ. ಅತ್ತೆ ಹಸುಳೆಯನ್ನು ಅವಳ ಮಡಿಲಿಗೆ ಹಾಕಿದಳು. ಅದು ಬಾಯಿ ಹಾಕಿತು.

ಆಗ ಕಲ್ಲು ಬೆವರಿತು ಅಂತಾರೆ. ಕೆಲವರು ಕಲ್ಲಿನಿಂದ ನೀರು ಧಾರೆಯಾಗಿ ಇಳಿಯಿತು ಅಂತಾರೆ. ಇನ್ನು ಕೆಲವರು ಬೀರಪ್ಪನೇ ಕುರಿಗಾಹಿಯ ವೇಷದಲ್ಲಿ ಬಂದು ಹೆಂಗಸರ ನಡುವೆ ಕೂತು ಅತ್ತು ಹೋದ ಅಂತಾರೆ. ನಾನು ಕಂಡಿಲ್ಲ, ನೀವೂ ಕಂಡಿಲ್ಲ. ನಮ್ಮಜ್ಜಿ ಹೇಳುತ್ತಿದ್ದದ್ದು ಇಷ್ಟೇ. ಮಾಳವ್ವನ ಅಂಗೈ ಇನ್ನೂ ಕಲ್ಲಿನ ಮೇಲೇ ಇತ್ತು. ಅವಳ ಕೈಯ ಪಕ್ಕದಲ್ಲೇ ಗಿರಿಯವ್ವನ ಕೆನ್ನೆ, ಕಣ್ಣೀರು, ಮಗುವಿನ ತಲೆ. ಆಗ ಅವಳಿಗೆ ತಿಳಿಯಿತಂತೆ, ಇವನು ಎಲ್ಲೂ ಹೋಗಿರಲಿಲ್ಲ. ನಾನು ಬೈದಾಗಲೂ ಇದ್ದ, ನಾನು ಬಾಯಿ ಕಟ್ಟಿ ಕೂತಾಗಲೂ ಇದ್ದ. ಮಣ್ಣು ಎರಚಿಸಿಕೊಂಡೂ ಕೂತಿದ್ದಾನಲ್ಲ, ಇನ್ನೆಲ್ಲಿ ಹೋದಾನು? ಮಗ ಯಾಕೆ ಹೋದ ಅನ್ನೋದು ಅವಳಿಗೆ ಆವತ್ತೂ ತಿಳಿಯಲಿಲ್ಲ. ಅದನ್ನು ಆಮೇಲೂ ಕೇಳುತ್ತಲೇ ಇದ್ದಳು. ಆದರೆ ಭಯ ಹೋಯಿತು.

ಗಿರಿಯವ್ವ ಅತ್ತು ಸುಸ್ತಾದ ಮೇಲೆ ಯಾರೋ ಕುಡಿಯಲಿ ಅಂತ ಒಂದು ಚೊಂಬು ನೀರು ತಂದರು. ಅವಳು ಅದನ್ನು ತೆಗೆದುಕೊಂಡು, ತಾನು ಕುಡಿಯದೆ, ಮಣ್ಣು ಮೆತ್ತಿದ ಕಲ್ಲಿನ ಮೇಲೆ ಹುಯ್ದಳು. "ನನ್ನ ಮಗಳು ನಿನ್ನ ಹತ್ರ ಐತೆ. ಕೇಳಿದಾಗ ನೀರು ಕೊಡು," ಅಂದಳು. ಸೆರಗಲ್ಲಿ ಕಲ್ಲು ಒರೆಸಿದಳು. ಜನ ಚದುರಿದರು. ಬೊಮ್ಮಲಿಂಗಪ್ಪ ಮಾತ್ರ ಹಿಂದೆ ಉಳಿದನಂತೆ. ರುಮಾಲು ತೆಗೆದು, ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತುಟಿ ಅಲ್ಲಾಡಿಸುತ್ತಿದ್ದದ್ದನ್ನು ಕಂಡವರಿದ್ದಾರೆ. ಬೈದನೋ ಬೇಡಿದನೋ ಯಾರಿಗೂ ಕೇಳಿಸಲಿಲ್ಲ. ಮಾರನೇ ದಿನ ಬೆಳಿಗ್ಗೆ ಮಾಳವ್ವನ ಮಗ್ಗದ ಸದ್ದು ಕೇಳಿತು. ಯಜಮಾನ ಆ ದಾರಿಯಲ್ಲೇ ಹೋದ, ಕೇಳಿಯೂ ಕೇಳದವನ ಹಾಗೆ ಹೋದ.

ಗದ್ದುಗೆ ಕಂಬಳಿ ಮುಗಿಯಿತು, ಬೀರಪ್ಪ ಅದರ ಮೇಲೆ ಕೂತ. ಅಂಥ ಕಂಬಳಿ ಹಿಂದೆ ಆಗಿಲ್ಲ, ಮುಂದೆ ಆಗೋದಿಲ್ಲ ಅಂತಾರೆ. ಅಲ್ಲಿಂದ ಮೇಲೆ ಸುತ್ತಮುತ್ತಲ ಹಳ್ಳಿಗಳಿಂದ, ಮಕ್ಕಳನ್ನು ಮಣ್ಣಿಗಿಟ್ಟು ಮಾತು ನಿಂತವರನ್ನು, ಗಂಡ ಸತ್ತು ಅನ್ನ ಬಿಟ್ಟವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಮಾಳವ್ವನ ಹತ್ತಿರ ಕರೆತರುತ್ತಿದ್ದರು. ಮದ್ದು ಏನು ಕೊಟ್ಟಳು ಅಂತ ಕೇಳಿದರೆ ಬಂದವರು ನಗುತ್ತಿದ್ದರು. ಬೈದು ಹೇಳೋರು ಬದುಕೋಕೆ ಹೇಳ್ತಾರೆ ಅಂತ ಗಾದೆ ಇದೆ. ಮಾಳವ್ವ ಅದನ್ನು ತಿರುಗಿಸಿ ಹಾಕಿದ್ದಳು, ಬದುಕಬೇಕಾದರೆ ಅವನನ್ನು ಬೈಯಿರಿ ಅಂತ.

ಎಷ್ಟು ಕಾಲ ಬದುಕಿದಳೋ, ಹಣ್ಣಾಗಿ ಹೋದಳು. ಅವಳಿಗೆ ಅಂತ ಅಳೋದಕ್ಕೆ ಗಂಡನಿಲ್ಲ, ಮಗನಿಲ್ಲ. ಹಿಂದೊಮ್ಮೆ ಅವಳ ಮಡಿಲಲ್ಲಿ ಉಣ್ಣೆಯ ಹಿಡಿಯಂತೆ ಮಲಗಿದ್ದ ಹಸುಳೆ ಅಷ್ಟು ಹೊತ್ತಿಗೆ ನಾಲ್ಕು ಮಕ್ಕಳ ತಾಯಿ. ಅವಳು ಹಟ್ಟಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಕಲ್ಲಿನ ಮುಂದೆ ಹೋದಳು. ನಮ್ಮ ಮಾಳವ್ವನನ್ನು ಯಾಕೆ ಕರಕೊಂಡೆ, ನಿನ್ನನ್ನು ಬೈಯೋದಕ್ಕೆ ಇನ್ಯಾರಿದ್ದಾರೆ ಅಂತ ಕುರಿ ಹಟ್ಟಿಗೆ ಬರುವ ತನಕ ಬೈದಳು. ಎಲ್ಲರಿಗಿಂತ ಅವಳ ದನಿಯೇ ಜೋರಾಗಿತ್ತಂತೆ.

ಈಗಲೂ ಆ ಕಡೆ ಯಾರ ಮನೆಯಲ್ಲಾದರೂ ಸಾವಾದರೆ, ಮಣ್ಣಾದ ಮೂರನೇ ದಿನಕ್ಕೆ ನೆರೆಹೊರೆಯ ಹೆಂಗಸರು ಆ ಮನೆಯವಳ ಕೈ ಹಿಡಿದು ಬಂಡೆಯ ಬುಡಕ್ಕೆ ಕರೆದುಕೊಂಡು ಹೋಗುತ್ತಾರೆ. ಹೊಸದಾಗಿ ಬಂದ ಸೊಸೆಯರಿಗೆ ದೇವರನ್ನು ಬೈಯಲು ಬಾಯಿ ಬರುವುದಿಲ್ಲ, ನಿಂತು ಬಿಡುತ್ತಾರೆ. ಬರದಿದ್ದರೆ ಬೇಡ ಮಗಳೇ, ಮೊದಲು ಇದ್ದಾನಾ ಅಂತ ಕೇಳು ಅನ್ನುತ್ತಾರೆ ಮುದುಕಿಯರು. ಅವಳು ಕೇಳುತ್ತಾಳೆ. ಆಮೇಲೆ ಹೇಳಿಕೊಡುವುದೇ ಬೇಕಾಗುವುದಿಲ್ಲ. ಬೈದು ಅತ್ತು ಮುಗಿದ ಮೇಲೆ ಕಲ್ಲಿಗೆ ಒಂದು ಚೊಂಬು ನೀರು ಹುಯ್ದು, ಸೆರಗಲ್ಲಿ ಒರೆಸಿ, ನಾಳೆ ಬರ್ತೀವಿ ಅಂತ ಹೇಳಿ ಮನೆಗೆ ಬರುತ್ತಾರೆ. ಆ ಮನೆಯಲ್ಲಿ ಆವತ್ತು ಒಲೆ ಹಚ್ಚುತ್ತಾರೆ. ಕಟ್ಟು ಅಂತ ಆ ಹಟ್ಟಿಯಲ್ಲಿ ಈಗ ಉಳಿದಿರುವುದು ಒಂದೇ, ಆ ದಿನ ಉಣ್ಣದೆ ಯಾರೂ ಮಲಗುವ ಹಾಗಿಲ್ಲ.